ಇನ್ನೊಬ್ಬರಿಗೆ ಜಾಗ

ನಮ್ಮತ್ತೆ ಕಮಲಾಪುರದವರು. ಅಲ್ಲಿಂದ ಕಲಬುರಗಿಗೆ ಬರುವ ಟಂಟಂ ಆಟೋ ಎಷ್ಟೇ ತುಂಬಿರಲಿ, ರಸ್ತೆಯಲ್ಲಿ ಕೈ ಮಾಡಿದವರನ್ನು ಬಿಟ್ಟು ಬಂದವರಲ್ಲ. "ಜರಾ ಸರೀರಿ, ಪಾಪ ಬಿಸಲಾಗ ನಿಂತಾಳ" ಎಂದು ಎಲ್ಲರನ್ನೂ ಒತ್ತರಿಸಿ ಕೂರಿಸುತ್ತಾರೆ. ನನ್ನ ಸೀರೆ ಮುದ್ದೆಯಾದರೂ ನಾನು ತುಟಿ ಬಿಚ್ಚುವಂತಿಲ್ಲ.

ಕಳೆದ ಬೇಸಿಗೆ ಅವರು ನಮ್ಮ ಮನೆಗೆ ಬಂದಿದ್ದಾಗ ಕಲಬುರಗಿಯಲ್ಲಿ ಎಕ್ಸಿಬಿಷನ್ ಹಾಕಿದ್ದರು. ಅತ್ತೆ, ನಾನು, ಎರಡನೇ ಕ್ಲಾಸಿನ ನನ್ನ ಮಗಳು ತೂಗುವ ದೊಡ್ಡ ದೋಣಿ ಹತ್ತಿದೆವು. ಮೂವರ ಸೀಟು. ಕೆಳಗೊಬ್ಬಳು ಜಾಗ ಸಿಗದೆ ನಿಂತಿದ್ದಳು. ಅತ್ತೆಯ ಕಣ್ಣಿಗೆ ಬೀಳದೆ ಇರುತ್ತದೆಯೇ?

"ಬಾ ಯವ್ವಾ, ಸರದ್ರ ಹಿಡೀತದ."

ಅವಳು ಬಂದು ಅರ್ಧ ಅತ್ತೆಯ ತೊಡೆಯ ಮೇಲೆಯೇ ಕೂತಳು. ಮಗಳು ತುದಿಗೆ ಸರಿದಳು. ನಮ್ಮ ಮಡಿಲ ಮೇಲೆ ಇಳಿಯಬೇಕಾದ ಕಬ್ಬಿಣದ ಸರಳು ಕೊಂಡಿಗೆ ಸಿಗಲಿಲ್ಲ. ದೋಣಿ ನಡೆಸುವವನು ಎರಡು ಸಲ ಒತ್ತಿ ನೋಡಿ, ಪ್ಲಾಸ್ಟಿಕ್ ಹಗ್ಗ ಸುತ್ತಿಬಿಟ್ಟ.

"ಏನೂ ಆಗಲ್ರೀ, ಕೂಡ್ರಿ."

ಇಳಿಯುತ್ತೇವೆ ಎಂದು ನಾನು ಹೇಳುವಷ್ಟರಲ್ಲಿ ದೋಣಿ ಎದ್ದಿತ್ತು.

ಮೇಲೆ ಹೋದಾಗಲೆಲ್ಲ ಸರಳು ಒಂದು ಗೇಣು ಏಳುತ್ತಿತ್ತು, ಅದರ ಜೊತೆ ಮಗಳೂ ಸೀಟು ಬಿಟ್ಟು ಏಳುತ್ತಿದ್ದಳು. ಹಗ್ಗ ಸಡಿಲಾಗುವುದು ಕಣ್ಣಿಗೆ ಕಾಣುತ್ತಿತ್ತು. "ಮಮ್ಮೀ, ನಾ ಬೀಳ್ತೀನಿ" ಎಂದಳು. ಅವಳ ಫ್ರಾಕನ್ನು ಮುಷ್ಟಿಯಲ್ಲಿ ಹಿಡಿದು, ನಿಲ್ಲಿಸಿ ಎಂದು ಗಂಟಲು ಹರಿಯುವಂತೆ ಕೂಗಿದೆ. ಆದರೆ ದೋಣಿಯಲ್ಲಿದ್ದವರೆಲ್ಲ ಖುಷಿಗೆ ಕಿರುಚುತ್ತಿದ್ದರು. ಕೆಳಗಿದ್ದವನು ನನ್ನನ್ನು ನೋಡಿ ನಕ್ಕು ಕೈ ಬೀಸಿದ. ಅಂಥ ಭಯ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಹೇಗೋ ನಾವು ಇಳಿದೆವು. ಮನೆಗೆ ಬಂದು ನಾನು ಅತ್ತೆಯ ಮೇಲೆ ಹರಿಹಾಯ್ದೆ. "ಏನಾತೀಗ? ಬಂದೇವಲ್ಲ" ಎಂದು ಅವರು ರೊಟ್ಟಿ ಬಡಿಯಲು ಕೂತರು.

ಕೆಲವು ದಿನಗಳಾದ ಮೇಲೆ ಅದೇ ದೋಣಿಯಿಂದ ಒಬ್ಬ ಹೆಂಗಸು ಬಿದ್ದು ಸತ್ತಳು. ಸುದ್ದಿ ಮೊಬೈಲಿಗೆ ಬಂತು. ಸರಳಿಗೆ ಹಗ್ಗ ಕಟ್ಟಿದ್ದರಂತೆ, ಸೀಟಿನಲ್ಲಿ ನಾಲ್ವರಿದ್ದರಂತೆ. ಅತ್ತೆ ನನ್ನಿಂದ ಓದಿಸಿ ಕೇಳಿದರು. ಅವತ್ತು ಅವರು ಊಟ ಮಾಡಲಿಲ್ಲ.

ಮರುದಿನ ಅವರನ್ನು ಊರಿಗೆ ಬಿಡಲು ನಾನೂ ಮಗಳೂ ಟಂಟಂ ಹತ್ತಿದೆವು. ದಾರಿಯಲ್ಲಿ ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಕೈ ಮಾಡಿದಳು. ನಾನು ರೂಢಿಯಂತೆ ಸರಿಯತೊಡಗಿದೆ. ಅತ್ತೆ ತಟ್ಟನೆ ನಮ್ಮಿಬ್ಬರ ಮುಂದೆ ಕೈ ಅಡ್ಡ ಚಾಚಿದರು.

"ಜಾಗ ಇಲ್ಲ ಯವ್ವಾ."

ಜಾಗವಿತ್ತು. ಆ ಹೆಂಗಸಿಗೂ ಅದು ಕಾಣುತ್ತಿತ್ತು. ಟಂಟಂ ಮುಂದೆ ಹೋಯಿತು. ಅತ್ತೆಯ ಕೈ ಮಾತ್ರ ಕಮಲಾಪುರ ಬರುವವರೆಗೂ ನನ್ನ ಮಗಳ ಮಡಿಲ ಮೇಲೆ ಅಡ್ಡವಾಗಿಯೇ ಇತ್ತು.