ಕೌಬಾಯ್‌ಗೆ ಆಸರಿಗೆ ಕೊಡದ ಮನೆ

ಮಾರಾಯ್ರೆ, ಇವತ್ತು ನನ್ನ ವಿಮರ್ಶೆ ಹಾಳಾಯಿತು. ಹಳೆಯ ಟಿವಿ ಧಾರಾವಾಹಿಗಳ ಬಗ್ಗೆ ನಾನು ಬರೆಯುವುದು ನಿಮಗೆ ಗೊತ್ತಲ್ಲ. ಅರವತ್ತರ ದಶಕದ ಒಂದು ಕೌಬಾಯ್ ಕಂತನ್ನು ಕೋಡಿಂಬಾಳದ ಮನೆಯಲ್ಲಿ ದೊಡ್ಡಮ್ಮನ ಪಕ್ಕ ಕುಳಿತು ಮೊಬೈಲಿನಲ್ಲಿ ನೋಡುತ್ತಿದ್ದೆ. ಕಥೆ ನೀರಿನ ತಕರಾರಿನದು. ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡವನೊಬ್ಬ ಕುದುರೆಯೇರಿ ಬಂದು ಒಬ್ಬ ವಿಧವೆಯ ಮನೆಯಂಗಳದಲ್ಲಿ ನಿಂತ.

“ಅವನಿಗೆ ಆಸರಿಗೆ, ಕುಡಿಯಲಿಕ್ಕೆ ಎಂತ ಕೊಟ್ರು?” ದೊಡ್ಡಮ್ಮ ಕೇಳಿದರು.

“ದೊಡ್ಡಮ್ಮ, ಅವ ಕೊಲ್ಲಲಿಕ್ಕೆ ಬಂದದ್ದು.”

“ಆದ್ರೆ ಎಂತ? ಬಿಸಿಲಲ್ಲಿ ಬಂದಿದ್ದಾನೆ. ಆ ಮನೆಯಲ್ಲಿ ಒಂದು ತುಂಡು ಬೆಲ್ಲ, ನೀರು ಇಲ್ವಾ?”

ನನಗೆ ನಗು ಬಂತು. ಅವರು ನಗಲಿಲ್ಲ. ಆ ಕಂತು ತಯಾರಾದ ಕಾಲಕ್ಕೇ ದೊಡ್ಡಮ್ಮ ಮದುವೆಯಾಗಿ ಈ ಮನೆಗೆ ಬಂದದ್ದು. ಆಗ ಇಲ್ಲಿಯೂ ತೋಟಕ್ಕೆ ಹರಿಯುವ ತೋಡಿನ ನೀರಿನ ತಕರಾರು. ಒಂದು ಮಧ್ಯಾಹ್ನ ಪಕ್ಕದ ತೋಟದವರು ಕತ್ತಿ ಹಿಡಿದೇ ಅಂಗಳಕ್ಕೆ ಬಂದರಂತೆ.

“ನಿಮ್ಮ ಅತ್ತೆ ಎಂತ ಮಾಡಿದ್ರು?”

“ಎಂತ ಮಾಡುದು? ಆಸರಿಗೆ ಕೊಟ್ರು. ಒಂದು ಕೈಗೆ ಬೆಲ್ಲ, ಇನ್ನೊಂದು ಕೈಗೆ ನೀರಿನ ಚೆಂಬು. ಮತ್ತೆ ಕತ್ತಿ ಹಿಡಿಯಲಿಕ್ಕೆ ಅವ್ರಿಗೆ ಕೈ ಎಲ್ಲಿ ಉಂಟು?”

“ಹಾಗಾದ್ರೆ ಜಗಳ ಆಗ್ಲೇ ಇಲ್ವಾ?”

“ಆಗದೆ? ಸಂಜೆವರೆಗೆ ಆಯ್ತು. ಬಾಯಲ್ಲಿ.”

ಕಂತನ್ನು ಮೊದಲಿನಿಂದ ಮತ್ತೆ ನೋಡಿದೆ. ಚಿತ್ರೀಕರಣ ಚೆನ್ನಾಗಿದೆ, ಕುದುರೆಗಳಂತೂ ಅದ್ಭುತ. ಆದರೆ ನಿಜ, ಪಿಸ್ತೂಲು ತೆಗೆಯುವವರೆಗೂ ಆ ಮನುಷ್ಯನ ಎರಡೂ ಕೈ ಖಾಲಿಯೇ ಇದ್ದವು.