ಬುಟ್ಟಿಯಡಿಯಲ್ಲಿ ಸಿಗದ ತತ್ತಿ

ಕೆಂಚಿಗೆ ಕಣ್ಣು ಬಿತ್ತು, ಅದಕ್ಕೇ ಸತ್ತಳು ಎಂದು ನಮ್ಮ ಓಣಿಯಲ್ಲಿ ಹೇಳುತ್ತಾರೆ. ಯಾರ ಕಣ್ಣು ಎಂದು ಕೇಳಿದರೆ ಹೆಸರು ಹೇಳುವುದಿಲ್ಲ. ನಮ್ಮ ಹಿತ್ತಲ ಗೋಡೆಯ ಆಚೆ ನೋಡುತ್ತಾರೆ. ಆಚೆ ಇರುವುದು ದೊಡ್ಡವ್ವನ ಮನೆ.

ನಾನು ಇದನ್ನು ಒಪ್ಪುವುದಿಲ್ಲ. ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ದರೆ ಕೊಟ್ಟೂರು ಸಂತೆಗೆ ಬಂದ ಒಂದು ಕೋಳಿಯೂ ಸಂಜೆಯವರೆಗೆ ಉಳಿಯುತ್ತಿರಲಿಲ್ಲ. ನನ್ನ ಹತ್ತಿರ ಬೇರೆ ಉತ್ತರವಿದೆ. ಬರೆಯಲು ಇಷ್ಟವಿಲ್ಲ. ಬರೆಯುತ್ತೇನೆ.

ಕೆಂಚಿ ಅವ್ವನ ಕೊನೆಯ ಕೋಳಿ. ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದು ಉಳಿದವೆಲ್ಲ ಕತ್ತು ತಿರುಚಿಕೊಂಡು ಸತ್ತಿದ್ದವು. ಅವಳ ತತ್ತಿಗಳನ್ನು ಕೂಡಿಟ್ಟು, ಕಾವಿಗೆ ಕೂಡಿಸಿ, ಹಿತ್ತಲು ಮತ್ತೆ ತುಂಬಿಸಬೇಕೆಂದು ಅವ್ವ ಕಾಯುತ್ತಿದ್ದಳು. ಹುಂಜ ದೊಡ್ಡವ್ವನದು. ಗೋಡೆ ಹಾರಿ ಬರುತ್ತಿತ್ತು.

ಬೆಳಿಗ್ಗೆ ಕೋಳಿಯ ಹಿಂಭಾಗಕ್ಕೆ ಕಿರುಬೆರಳು ಹಾಕಿ ತತ್ತಿ ಇದೆಯೇ ಎಂದು ನೋಡುವುದು ನಮ್ಮ ಕಡೆಯ ಹೆಂಗಸರ ರೂಢಿ. ಇದ್ದರೆ ಅವತ್ತು ಆ ಕೋಳಿಯನ್ನು ಹೊರಗೆ ಬಿಡುವುದಿಲ್ಲ. ಬಿಟ್ಟರೆ ಯಾರದೋ ಬಣವೆಯಲ್ಲಿ ಇಟ್ಟು ಬರುತ್ತದೆ. ಬುಟ್ಟಿ ಮುಚ್ಚಿ ಮೇಲೊಂದು ಕಲ್ಲು ಹೇರುತ್ತಾರೆ.

ಸೋಮವಾರ ಅವ್ವ ಮುಟ್ಟಿ ನೋಡಿ "ಐತಿ" ಎಂದಳು. ಬುಟ್ಟಿ ಮುಚ್ಚಿ ಹೊಲಕ್ಕೆ ಹೋದಳು. ನಾನು ಕಾಲೇಜಿಗೆ ಹೋದೆ. ಸಂಜೆ ಬುಟ್ಟಿ ಎತ್ತಿದೆವು.

ತತ್ತಿ ಇರಲಿಲ್ಲ.

ಮಂಗಳವಾರವೂ ಅವ್ವ "ಐತಿ" ಎಂದಳು. ಸಂಜೆ ಮತ್ತೆ ಇಲ್ಲ. ನನಗೆ ಎಲ್ಲ ಸ್ಪಷ್ಟವಾಯಿತು. ಬೆಳಿಗ್ಗೆ ತತ್ತಿ ಇತ್ತು, ಬುಟ್ಟಿ ಮುಚ್ಚಿತ್ತು, ಸಂಜೆ ತತ್ತಿ ಇಲ್ಲ. ಹಾಗಾದರೆ ಯಾರೋ ತೆಗೆದಿದ್ದಾರೆ, ಮತ್ತು ಹಗಲೆಲ್ಲ ಮನೆಯಲ್ಲಿ ಇರುವವಳು ದೊಡ್ಡವ್ವ ಒಬ್ಬಳೇ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯನ್ನು ಹೀಗೆ ಮೂಲೆಗೆ ಒತ್ತಿಯೇ ನಾನು ಎರಡು ಕಪ್ ತಂದಿದ್ದೆ. ಗೋಡೆಯ ಹತ್ತಿರ ಹೋದೆ.

"ದೊಡ್ಡವ್ವ, ಹಗಲೊತ್ತು ನಮ್ಮ ಹಿತ್ತಲಕ್ಕ ಯಾರ್ ಬಂದಿದ್ರು?"

"ನನ್ನ ಹುಂಜ ಬಂದಿತ್ತವ್ವ. ಅದನ್ನ ಕರದು ಕೇಳು."

"ಹುಂಜ ಕಲ್ಲು ಎತ್ತತೈತೇನು?"

"ಹಂಗಂದ್ರ ನಾ ಕದ್ದೆ ಅಂತೀಯ?"

"ನೀನ ಅಂದಿ. ನಾ ಅಂದಿಲ್ಲ."

ಬೀದಿಯಲ್ಲಿ ನಿಂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಗೆದ್ದೆ.

ಬುಧವಾರ ಬೆಳಿಗ್ಗೆ ಕೆಂಚಿ ಬಾಲ ಇಳಿಬಿಟ್ಟು ನಿಂತಿದ್ದಳು. ಜೋಳ ಹಾಕಿದರೆ ಕುಕ್ಕಲಿಲ್ಲ. ಅವ್ವ ಮುಟ್ಟಿ ನೋಡಿ "ಇವತ್ತೂ ಐತಿ" ಎಂದಳು. ಆಗ ದೊಡ್ಡವ್ವ ಗೋಡೆಯ ಹತ್ತಿರ ಬಂದಳು. ಕೆಂಚಿಯನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು.

"ಏನ್ ನೋಡ್ತಿ? ಇದೂ ಬೇಕೇನು?" ಎಂದೆ.

ಒಳಗೆ ಹೋಗಿಬಿಟ್ಟಳು.

ಅವ್ವ ಬುಟ್ಟಿ ಮುಚ್ಚಿ ಹೊಲಕ್ಕೆ ಹೋದಳು. ಅವತ್ತು ಕಳ್ಳಿಯನ್ನು ಹಿಡಿಯಲೆಂದು ಕಾಲೇಜು ಬಿಟ್ಟು ಬುಟ್ಟಿಯ ಪಕ್ಕ ಕೂತೆ. ಮಧ್ಯಾಹ್ನವಾದರೂ ಯಾರೂ ಬರಲಿಲ್ಲ. ತತ್ತಿಯೂ ಬರಲಿಲ್ಲ. ಬುಟ್ಟಿಯೊಳಗೆ ಅವಳು ತಿಣುಕುವುದು ಮಾತ್ರ ಕೇಳುತ್ತಿತ್ತು. ಎತ್ತಿ ನೋಡಿದರೆ ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದಳು. ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಪಶು ಆಸ್ಪತ್ರೆಗೆ ಓಡಿದೆ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. "ಎಗ್ ಬೈಂಡಿಂಗ್. ತತ್ತಿ ಒಳಗ ಸಿಕ್ಕೊಂಡೈತಿ. ಎಷ್ಟು ದಿನ ಆತು?"

"ಇವತ್ತಿಂದು ಸರ್. ನಿನ್ನಿ, ಮೊನ್ನಿ ಬ್ಯಾರೆ ಇದ್ವು."

"ಅವನ್ನ ಕಣ್ಣಿಲೆ ನೋಡೀಯೇನವ್ವ?"

ಇಲ್ಲವೆಂದು ತಲೆಯಾಡಿಸಿದೆ.

"ಮೂರು ದಿನಾನೂ ಕೈಗೆ ಹತ್ತಿದ್ದು ಇದ."

ಒಂದೇ ತತ್ತಿ.

ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರು. ಬಿಸಿನೀರಿನಲ್ಲಿ ಕೂರಿಸಿ, ಎಣ್ಣೆ ಹಚ್ಚಿ ಪ್ರಯತ್ನಿಸಿದರು. ತತ್ತಿ ಒಳಗೇ ಒಡೆಯಿತು. "ನಿನ್ನಿ ತಂದಿದ್ರ ನೋಡಬೋದಿತ್ತು" ಎಂದರು. ವಾಪಸು ಬರುವ ಬಸ್ಸಿನಲ್ಲಿ, ನನ್ನ ತೊಡೆಯ ಮೇಲೆ, ಅವಳ ಕತ್ತು ಸಡಿಲವಾಯಿತು. ಇಳಿಯುವವರೆಗೂ ಚೀಲವನ್ನು ಹಾಗೇ ಹಿಡಿದುಕೊಂಡಿದ್ದೆ.

ಬೇವಿನ ಗಿಡದ ಬುಡದಲ್ಲಿ ಗುಂಡಿ ತೋಡುತ್ತ ಅವ್ವ ಹೇಳಿದಳು: "ನೀ ಸಣ್ಣಾಕಿದ್ದಾಗ ಬಿಳಿ ಕೋಳಿಗೂ ಹಿಂಗ ಆಗಿತ್ತು. ನಿಮ್ಮ ದೊಡ್ಡವ್ವನೇ ಔಡಲೆಣ್ಣಿ ಹಚ್ಚಿ, ಹಗೂರಕ ತಗದು ಉಳಿಸಿದ್ಲು."

"ಮತ್ತ ಕರಿಬೇಕಿಲ್ಲೇನಬೇ?"

"ಯಾವ ಮುಖ ಇಟ್ಕಂಡು ಕರೀಲಿ?"

ಒಂದು ವಾರದಲ್ಲಿ ಅವ್ವನೂ ಓಣಿಯವರ ಜೊತೆ ಕಣ್ಣಿನ ಮಾತು ಆಡತೊಡಗಿದಳು. ಯಾಕೆಂದು ನನಗೆ ಗೊತ್ತು. ಆ ಮಾತಿನಲ್ಲಿ ನಾನು ಉಳಿಯುತ್ತೇನೆ, ತಪ್ಪು ದೊಡ್ಡವ್ವನ ಮೇಲೆ ಹೋಗುತ್ತದೆ. ಅಲ್ಲ, ತಪ್ಪು ನನ್ನದೇ ಎಂದು ನಾನು ಬೀದಿಯಲ್ಲಿ ನಿಂತು ವಾದಿಸಿದೆ. ಎಲ್ಲದಕ್ಕೂ ಉತ್ತರ ಇದ್ದವಳ ಮಾತನ್ನು ಈ ಸಲ ಯಾರೂ ನಂಬಲಿಲ್ಲ. ಓದಿದ ಹುಡುಗಿ, ಮನಸ್ಸು ದೊಡ್ಡದು ಎಂದರು. ಅದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು.

ಹುಂಜ ಈಗಲೂ ಗೋಡೆ ಹಾರಿ ಬರುತ್ತದೆ. ಮಗುಚಿಟ್ಟ ಬುಟ್ಟಿಯ ಸುತ್ತ ಕೆದರಿ ಹೋಗುತ್ತದೆ. ನಿನ್ನೆ ಅದನ್ನು ಹಿಡಿದುಕೊಂಡು ಗೋಡೆಯ ಹತ್ತಿರ ಹೋದೆ. ದೊಡ್ಡವ್ವ ಜೋಳ ಕೇರುತ್ತಿದ್ದಳು. ತಪ್ಪಾಯಿತು ಎಂದೆ. ಮೊರ ನಿಲ್ಲಲಿಲ್ಲ. ಹುಂಜವನ್ನು ಆಚೆ ಇಳಿಸಿ, ಬಹಳ ದಿನದಿಂದ ಒಳಗೇ ಇದ್ದದ್ದನ್ನು ಕೇಳಿದೆ.

"ದೊಡ್ಡವ್ವ, ಅವತ್ತು ಇಲ್ಲೇ ನಿಂತು ಬಾಯಿ ತಗದಿದ್ಯಲ್ಲ, ಏನ್ ಹೇಳಾಕ ಬಂದಿದ್ದಿ?"