ಬಳೆಗಾರ ಅಜ್ಜಿಯ ಹಿರೇತನ

ನಮ್ಮ ಹುಕ್ಕೇರಿ ಕಡೆ ಜಗಳ ಬಗೆಹರಿಸುವವನಿಗೆ ‘ಹಿರೇಮನುಷ್ಯ’ ಅನ್ನುತ್ತಾರೆ, ಅವನು ಮಾಡುವ ಕೆಲಸಕ್ಕೆ ‘ಹಿರೇತನ’. ವಯಸ್ಸಿನ ಲೆಕ್ಕವಿಲ್ಲ, ಎರಡೂ ಕಡೆಯವರು ನಂಬಿ ಕರೆದರೆ ಸಾಕು. ನಮ್ಮ ಓಣಿಗೆ ನನ್ನಪ್ಪನೇ ಹಿರೇಮನುಷ್ಯ. ತಪ್ಪು ಯಾರದೇ ಇರಲಿ, ಅವನ ತೀರ್ಪು ಒಂದೇ: “ದೊಡ್ಡಾಂವ ಮೊದ್ಲ ಮಾತಾಡಬೇಕು.” ಅಣ್ಣತಮ್ಮಂದಿರಿಗೂ ಅದೇ ಔಷಧ, ಅತ್ತೆಸೊಸೆಯರಿಗೂ ಅದೇ. ಹೇಳಿ, ರುಮಾಲು ಸರಿಮಾಡಿಕೊಂಡು, ಚಹಾ ಕುಡಿದು ಬರುತ್ತಿದ್ದ.

ಅಂಥವನು ಸ್ವಂತ ತಂಗಿಯೊಡನೆ ಎಂಟು ತಿಂಗಳಿಂದ ಮಾತು ಬಿಟ್ಟಿದ್ದ. ಅತ್ತೆ ತನ್ನ ಮಗನಿಗೆ ನನ್ನನ್ನು ಕೇಳಿದ್ದಳು. ಅಪ್ಪ ತುಕ್ಕಾನಟ್ಟಿಯ ಸಂಬಂಧ ಗೊತ್ತುಮಾಡಿದ. “ಇನ್ನ ನಿಮ್ಮ ಹೊಸ್ತಿಲಾ ತುಳಿಯಂಗಿಲ್ಲ” ಎಂದು ಹೋದ ಅತ್ತೆ, ಹಿಂದಿನ ಓಣಿಯಲ್ಲೇ ಇದ್ದರೂ ಬರಲಿಲ್ಲ. ಚಿಕ್ಕಂದಿನಿಂದ ನನ್ನ ತಲೆ ಬಾಚಿದವಳು ಅವಳು. ಅವಳಿಲ್ಲದ ಮದುವೆ ನನಗೆ ಬೇಡವೇ ಆಗಿತ್ತು, ಹೇಳುವ ಧೈರ್ಯವಿರಲಿಲ್ಲ. ಹಿರೇಮನುಷ್ಯನಿಗೇ ಹಿರೇತನ ಮಾಡುವವರು ಯಾರು?

ಮದುವೆಗೆ ಮೂರು ದಿನವಿರುವಾಗ ಬಳೆ ಇಡಿಸಲು ಮುಸ್ಲಿಮರ ಓಣಿಯ ಬಳೆಗಾರ ಅಜ್ಜಿಯನ್ನು ಕರೆಸಿದರು. ಆಕೆ ಹಸಿರು ಬಳೆ ಹರಡಿ, ನನ್ನ ಕೈ ಒತ್ತಿ ಮೆತ್ತಗೆ ಮಾಡಿ, ಹಾಗೇ ಬಿಟ್ಟಳು.

“ಈಕಿ ಅತ್ತಿ ಎಲ್ಲದಾಳ್ರಿ? ಆಕಿ ಬರೂತನಕ ನಾ ಬಳಿ ಇಡಂಗಿಲ್ಲ.”

ಕಟ್ಟೆಯಿಂದ ಅಪ್ಪ ಗದರಿದ: “ನಿನ್ನ ಕೆಲಸಾ ನೀ ಮಾಡಬೇ ಅಜ್ಜಿ.”

“ನನ್ನ ಮಕ್ಕಳ ಜಗಳಾ ಬಗಿಹರಸಾಕ ಬಂದಾಗ ಏನಂದಿದ್ರಿ ಯಪ್ಪಾ? ದೊಡ್ಡಾಂವ ಮೊದ್ಲ ಮಾತಾಡಬೇಕು ಅಂತ. ನಿಮ್ಮ ಅಣ್ಣ-ತಂಗ್ಯಾಗ ದೊಡ್ಡಾವ್ರು ಯಾರ್ರಿ?”

ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದರು. ಅಪ್ಪನ ಮುಖ ಕೆಂಪಾಯಿತು. ಅಜ್ಜಿಗೆ ಅದರ ಪರಿವೆಯೇ ಇಲ್ಲ, ಬಳೆಗಳನ್ನು ಮತ್ತೆ ದಾರಕ್ಕೆ ಪೋಣಿಸತೊಡಗಿದಳು. ಬರಿಗೈ ಚಾಚಿಕೊಂಡು ಕೂತಿದ್ದ ನಾನು ಅತ್ತುಬಿಟ್ಟೆ. ಅಪ್ಪ ಒಮ್ಮೆ ನನ್ನನ್ನು ನೋಡಿದ. ಎದ್ದು ಚಪ್ಪಲಿ ಮೆಟ್ಟಿ ಹೊರಟ. ರುಮಾಲು ಕಟ್ಟೆಯ ಮೇಲೇ ಉಳಿಯಿತು.

ಅತ್ತೆಯ ಮನೆಯಲ್ಲಿ ಏನು ಮಾತಾಯಿತೋ, ಅಣ್ಣ-ತಂಗಿ ಇಬ್ಬರೂ ಕೊನೆಯವರೆಗೆ ಹೇಳಲಿಲ್ಲ. ಅತ್ತೆ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ನನ್ನ ಪಕ್ಕ ಕೂತು, “ಹಗೂರ್ಕ ಇಡಬೇ ಅಜ್ಜಿ, ಹುಡುಗಿ ಕೈ ನಾಜೂಕ ಐತಿ” ಎಂದಳು. ನನಗೆ ಮತ್ತೂ ಅಳು ಬಂತು.

ಮದುವೆಯ ದಿನ ಚಪ್ಪರದಲ್ಲಿ ಬೀಗರ ಕಡೆಯವರಿಬ್ಬರಿಗೆ ಮಾತಿಗೆ ಮಾತು ಹತ್ತಿತು. ಯಾರೋ ಓಡಿಬಂದು, “ಹಿರೇಮನಶ್ಯಾರ, ಜರಾ ಬರ್ರಿ” ಎಂದು ಅಪ್ಪನನ್ನು ಕರೆದರು.

ಅಪ್ಪ ಪಂಕ್ತಿಯ ಕಡೆ ಕೈ ತೋರಿಸಿದ. ಅಲ್ಲಿ ಬಳೆಗಾರ ಅಜ್ಜಿ ಅತ್ತೆಯ ಬಾಜೂಕ್ಕೆ ಕೂತು ಹುಗ್ಗಿ ಉಣ್ಣುತ್ತಿದ್ದಳು.

“ಹಿರೇಮನಶ್ಯಾರು ಊಟಕ್ಕ ಕುಂತಾರ. ಮುಗೀಲಿ, ತಡೀರಿ.”